ಬಾಕಿ ಉಳಿದ ಸವಾಲು

ಮಾಳಿಂಗರಾಯನ ಎದುರು ನಿಂತು ಹಾಡಿ, ಅವನ ಬಾಯಿ ಕಟ್ಟಿಸಿ ಮನೆಗೆ ಕಳಿಸಿದವರು ಈ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ಶಿರಹಟ್ಟಿಯ ಫಕ್ಕೀರವ್ವ ಒಬ್ಬಳೇ. ಹಾಗೆಯೇ ತುಂಬಿದ ಸಭೆಯಲ್ಲಿ ಫಕ್ಕೀರವ್ವನ ನೀರಿಳಿಸಿದವನೂ ಡೋಣಿಯ ಮಾಳಿಂಗರಾಯ ಒಬ್ಬನೇ. ಇಬ್ಬರದೂ ಗೀಗೀ ಪದದ ಮೇಳ. ಅವನದು ಹರದೇಶಿ, ಗಂಡು ಹೆಚ್ಚು ಎಂದು ವಾದಿಸುವ ಪಕ್ಷ. ಇವಳದು ನಾಗೇಶಿ, ಹೆಣ್ಣು ಹೆಚ್ಚು ಎಂದು ವಾದಿಸುವ ಪಕ್ಷ. ಹಾಡುವಾಗ ಬಾರಿಸುವ ಚರ್ಮದ ದಪ್ಪು ಕೈಗೆ ಬಂತೆಂದರೆ ಹಾವು ಮುಂಗುಸಿ, ದಪ್ಪು ಕೆಳಗಿಟ್ಟರೆ ಒಂದೇ ತಾಟಿನಲ್ಲಿ ಉಣ್ಣುವ ಅಣ್ಣ ತಂಗಿ. ನೋಡಿದವರಿಗೆ ಇದು ಸೋಜಿಗ. ಸವಾಲ್-ಜವಾಬು ಬಲ್ಲವರಿಗೆ ಮಾತ್ರ ಗೊತ್ತು, ಹಾಡುವವರಿಗೆ ಎದುರಾಳಿಯ ಮೇಲೆ ಇರುವಷ್ಟು ನಂಬಿಕೆ ಸ್ವಂತ ಹಿಮ್ಮೇಳದ ಮೇಲೂ ಇರುವುದಿಲ್ಲ.

ಈ ಹಾಡಿಕೆಗೆ ಕಾಯಿದೆಗಳು ಬಹಳ ಇಲ್ಲ, ಇರುವವು ಗಟ್ಟಿ. ಉತ್ತರ ಗೊತ್ತಿಲ್ಲದ ಸವಾಲನ್ನು ಹಾಕಬಾರದು. ಎದುರಿನವರು ಸೋತು ಕುಳಿತರೆ ಸವಾಲು ಹಾಕಿದವನೇ ಎದ್ದು ಉತ್ತರ ಹಾಡಿ ಸಭೆಗೆ ಒಪ್ಪಿಸಬೇಕು. ಅವನಿಗೂ ಬಾರದಿದ್ದರೆ ಇಬ್ಬರೂ ಸೋತಂತೆ, ಸವಾಲು ಬಾಕಿ. ಬಾಕಿ ಉಳಿಸಿದವನು ಉತ್ತರ ಸಿಗುವ ತನಕ ದಪ್ಪು ಬಿಡುವಂತಿಲ್ಲ. ವರ್ಷಕ್ಕೊಮ್ಮೆ ಅದೇ ಊರಿಗೆ ಬಂದು ಅದೇ ಎದುರಾಳಿಯ ಮುಂದೆ ನಿಲ್ಲಬೇಕು. ಹಿಂದೆ ಲಕ್ಷ್ಮೇಶ್ವರದಲ್ಲಿ ಹುಚ್ಚಪ್ಪನೆಂಬ ಹಾಡುಗಾರ ಹುರುಪಿನಲ್ಲಿ ಏನೋ ಕೇಳಿಬಿಟ್ಟು, ಮುಪ್ಪಿನಲ್ಲಿ ಹಲ್ಲು ಬಿದ್ದ ಮೇಲೂ ಕೋಲೂರಿಕೊಂಡು ಬಂದು ನಿಲ್ಲುತ್ತಿದ್ದನಂತೆ. ಹೊಸಬರ ಕೈಗೆ ದಪ್ಪು ಕೊಡುವಾಗ ಅವನ ಕಥೆ ಹೇಳಿಯೇ ಕೊಡುವುದು: "ಹುಚ್ಚಪ್ಪ ಆಗಬ್ಯಾಡ್ರಲೇ. ಕೇಳೂ ಮುಂಚೆ ಉತ್ತರ ಕಿಸೆದಾಗ ಇರ್ಲಿ."

ಮಾಳಿಂಗರಾಯನಿಗೆ ಒಬ್ಬನೇ ಮಗ, ಮೌನೇಶ. ಮಿಲಿಟರಿಯಲ್ಲಿದ್ದ. ಹೋದ ಬೇಸಿಗೆಯಲ್ಲಿ ಪಾಕಿಸ್ತಾನದ ಗಡಿಯಲ್ಲಿ ಲಡಾಯಿ ಆದಾಗ ಗುಂಡು ತಗಲಿ ತೀರಿಕೊಂಡ. ಹೆಣ ಬರುವ ದಿನ ಮುಂಡರಗಿಯಿಂದ ಡೋಣಿಯವರೆಗೆ ಜನ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಯಾರೋ ದೊಡ್ಡವರು ಮಾಳಿಂಗರಾಯನ ಭುಜ ಹಿಡಿದು, ಸೈನಿಕನ ತಂದೆ ಅಳಬಾರದು ಎಂದರು. ಅವನು ಅಳಲಿಲ್ಲ. ಅಳಬೇಡ ಎಂದವರು ಅವತ್ತೇ ಕಾರು ಹತ್ತಿ ಹೋಗಿ ಉಂಡು ಮಲಗಿದರು. ಇವನು ಮಾತ್ರ ಆ ಮಾತನ್ನು ವರ್ಷವಿಡೀ ನಡೆಸಿಕೊಂಡು ಬಂದ. ಹಾಡುವುದನ್ನೂ ಬಿಟ್ಟ.

ಜನ ಮಾತಾಡಿಸಲು ಬರುತ್ತಿದ್ದರು. ಬಂದವರು ಸುಮ್ಮನೆ ಕುಳಿತು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ನಮ್ಮ ಜನಕ್ಕೆ ಸಾವಿನ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಒಬ್ಬ ಧರ್ಮದ ಸಲುವಾಗಿ ಲಡಾಯಿ ಆಯಿತು ಎಂದ. ಇನ್ನೊಬ್ಬ ನದಿ ನೀರಿನ ಸಲುವಾಗಿ ಎಂದ. ಎಲೆಕ್ಷನ್ನಿಗಾಗಿ ಎಂದವರುಂಟು, ಬಂದೂಕು ಮಾರುವ ದೊಡ್ಡ ದೇಶಗಳ ಕಿತಾಪತಿ ಎಂದವರುಂಟು. ತಲೆಗೊಂದು ಮಾತು. ಮಾಳಿಂಗರಾಯ ಎಲ್ಲರ ಮುಂದೂ ಚಹದ ಬಟ್ಟಲು ಸರಿಸಿ, ಎಲ್ಲವನ್ನೂ ಕೇಳಿಸಿಕೊಂಡ.

ವರ್ಷ ತುಂಬುವುದಕ್ಕೆ ತಿಂಗಳಿರುವಾಗ ಅವನು ಹೆಂಡತಿ ದ್ಯಾಮವ್ವನನ್ನು ಕರೆದುಕೊಂಡು, ಬಸ್ಸು ಬದಲಿಸಿ ಬದಲಿಸಿ ಶಿರಹಟ್ಟಿಗೆ ಬಂದ. ಫಕ್ಕೀರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನ ಮುಖ ನೋಡಿ ಮೊರ ಅಲ್ಲೇ ಬಿಟ್ಟು ಎದ್ದಳು. ಮೈಯೆಲ್ಲ ಬತ್ತಿ ಎಲುಬಿನ ಹಂದರವಾಗಿದ್ದ.

"ಬಾ ಯಣ್ಣಾ, ಕುಂಡ್ರು. ಬಿಸಲಾಗ ಯಾಕ ಬಂದಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ."

ಅವನು ನೀರನ್ನೂ ಮುಟ್ಟಲಿಲ್ಲ. "ಮೌನೇಶನ ವರ್ಷಕ್ಕ ಊರಾಗ ಮೂರ್ತಿ ಕುಂಡ್ರಸ್ತಾರ. ಅವತ್ತ ಹಾಡಿಕಿ ಇಡಸೀನಿ. ಲಡಾಯಿ ಯಾಕಾತು ಅಂತ ವಾದ. ನಾ ನಮ್ಮ ದೇಶದ ಕಡೆ ಹಾಡ್ತೀನಿ. ನೀ ಆ ಕಡೆ ಹಾಡು."

"ತಲಿ ಕೆಟ್ಟೈತೇನು ನಿನಗ? ಮೌನೇಶ ನನ್ನ ತೊಡಿ ಮ್ಯಾಲ ಬೆಳದಾಂವ. ಅವನ್ನ ಕೊಂದವರ ಕಡೆ ನಿಂತು ನಾ ಹಾಡ್ಲೆ?"

"ಅದಕ್ಕ ನೀನ ಬೇಕು." ಮಾಳಿಂಗರಾಯನ ದನಿ ಏರಲಿಲ್ಲ. "ವರ್ಷಾತು, ಮನಿಗೆ ಬಂದವರೆಲ್ಲ ಒಂದೊಂದ ಕಾರಣ ಹೇಳಿ ಚಾ ಕುಡದು ಹೋದರು. ನಾ ಏನಂದ್ರೂ ಹೌದ ಮಾಳಪ್ಪ, ಹೌದ ಮಾಳಪ್ಪ ಅಂತಾರ. ನನ್ನ ಎದುರಿಗೆ ಒಬ್ಬರೂ ಎದುರ ಮಾತಾಡಂಗಿಲ್ಲ. ಎದುರು ಹಾಡವರಿಲ್ದ ಹಾಡಿದ್ರ ಅದು ಭಜನಿ ತಂಗಿ, ವಾದ ಅಲ್ಲ. ನನ್ನ ಮಗ ಇಂಥಾದಕ್ಕ ಸತ್ತ ಅಂತ ನಾ ಹಾಡ್ತೀನಿ. ನೀ ಮುರಿ. ನೀ ಮುರದರೂ ಮುರೀಲಿಲ್ಲ ಅಂದ್ರ ಅದು ಖರೆ ಅಂತ ನಂಬತೀನಿ. ಪಾಪ ಅಂತ ಬಿಟ್ಟಕೊಟ್ಟು ಹಾಡಿದಿ ಅಂದ್ರ ನನಗ ತಿಳಿತೈತಿ, ನೆನಪಿರ್ಲಿ."

ಒಳಗೆ ಒಲೆಯ ಮುಂದೆ ದ್ಯಾಮವ್ವ ಫಕ್ಕೀರವ್ವನ ಕೈ ಹಿಡಿದುಕೊಂಡಳು. "ಗೆದ್ದ ಮ್ಯಾಲ ದಪ್ಪ ಮೂರ್ತಿಗೆ ನೇತು ಹಾಕತಾನಂತ. ನಮ್ಮೂರ ಸಂಗಪ್ಪ ಸಾವಕಾರ್ರಿಗೆ ಹೇಳಿ ಕಟ್ಟಿಗೆ ಗೂಟಾನೂ ಹೊಡಿಸ್ಯಾನ. ನನ್ನ ಕೆಲಸ ಮುಗೀತು, ಇನ್ನ ಬಾಯಿ ತೆರಿಯಂಗಿಲ್ಲ ಅಂತಾನ. ಮಗ ಹೋದ. ಇಂವ ಹಾಡೂದ ಕಾಯಂ ಬಿಟ್ಟ ಅಂದ್ರ ಇದ್ದೂ ಇಲ್ಲದಂಗ."

"ಅಂವ ಸೋತ್ರ?"

"ಸೋತ್ರ ಮಗ ಸುಮ್ಮನ ಸತ್ತ ಅಂತ ಆತಲ್ಲವ್ವಾ. ಅದನ್ನ ಹೊಟ್ಟ್ಯಾಗ ಇಟ್ಟಕೊಂಡು ಅಂವ ಬದುಕತಾನೇನು?"

ಅತ್ತ ದರಿ, ಇತ್ತ ಪುಲಿ. ಅವನು ಗೆದ್ದರೂ ಕೆಡುಕು, ಸೋತರೂ ಕೆಡುಕು. ಫಕ್ಕೀರವ್ವ ಹೊರಗೆ ಬಂದು, ಆತು, ಹಾಡ್ತೀನಿ ಎಂದಳು. ಬೇರೆ ಏನು ಹೇಳಲು ಸಾಧ್ಯವಿತ್ತು? ಆಗ ಅವನು ನೀರು ಕುಡಿದ.

ಒಪ್ಪಿಕೊಂಡ ಮೇಲೆ ಫಕ್ಕೀರವ್ವ ಅರೆಮನಸ್ಸಿನಿಂದ ಕೆಲಸ ಮಾಡುವವಳಲ್ಲ. ಗದಗಕ್ಕೆ ಹೋಗಿ, ಬೆಟಗೇರಿಯಲ್ಲಿ ಪುಂಡಲೀಕಪ್ಪ ಮಾಸ್ತರರ ಮನೆ ಬಾಗಿಲು ಬಡಿದಳು. ಇತಿಹಾಸ ಕಲಿಸಿ ನಿವೃತ್ತರಾದವರು, ಹಾಡಿಕೆಯ ಹುಚ್ಚಿನವರು. ಅವರು ಇದ್ದುದನ್ನು ಇದ್ದ ಹಾಗೆ ಹೇಳಿದರು. ಬೆಟ್ಟ ನೋಡಲು ಹೋದ ಬಡಪಾಯಿಗಳನ್ನು ಕೊಂದದ್ದು, ಅದಕ್ಕೆ ಇವರು ತಿರುಗಿ ಹೊಡೆದದ್ದು. ಪ್ರತಿ ಮಾತಿಗೂ ಫಕ್ಕೀರವ್ವ, "ಅದಕ್ಕೂ ಮೊದಲ ಏನಾಗಿತ್ರಿ ಸರ್?" ಎನ್ನುತ್ತಿದ್ದಳು. ಮಾಸ್ತರರು ಹಿಂದಿನ ಲಡಾಯಿಗಳಿಗೆ ಹೋದರು, ಅಲ್ಲಿಂದ ಗಡಿಯ ಗೆರೆಗೆ, ಅಲ್ಲಿಂದ ಗೆರೆ ಎಳೆಯುವಾಗ ರೈಲು ತುಂಬ ಬಂದ ಹೆಣಗಳಿಗೆ, ಅದಕ್ಕೂ ಹಿಂದಿನ ಬಿಳಿಯರ ಕಾಲಕ್ಕೆ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಫಕ್ಕೀರವ್ವಾ, ನೀ ಹಿಂಗ ಕೇಳ್ಕೋತ ಹೋದ್ರ ಯಾವನೋ ಅಣ್ಣ ತಮ್ಮ ಮೊದಲ ಹೊಲ ಹಂಚಿಕೊಂಡ ದಿನಕ್ಕ ಹೋಗಿ ಮುಟ್ಟತೀವಿ. ಒಂದ ಕಾರಣಾನೂ ಸುಳ್ಳಲ್ಲ. ಒಂದೂ ಸಾಲಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಫಕ್ಕೀರವ್ವನಿಗೆ ತನ್ನ ಕೈಗೆ ಎಂಥ ಆಯುಧ ಸಿಕ್ಕಿದೆ ಎಂದು ಅರಿವಾಯಿತು. ಮಾಳಿಂಗರಾಯ ಏನೇ ಹಾಡಲಿ, ಅದಕ್ಕೂ ಮೊದಲ ಏನಣ್ಣಾ ಎಂದು ಕೇಳುತ್ತ ಹೋದರೆ ಸಾಕು, ಒಂದಲ್ಲ ಒಂದು ಮೆಟ್ಟಿಲಲ್ಲಿ ಅವನು ನಿಲ್ಲಲೇಬೇಕು. ಬೇರೆ ದಿನವಾಗಿದ್ದರೆ ಆ ಖುಷಿಗೆ ಬಸ್ಸಿನಲ್ಲೇ ಒಂದು ನುಡಿ ಕಟ್ಟುತ್ತಿದ್ದಳು. ಅವತ್ತು ಮನೆಗೆ ಬಂದವಳು ಉಣ್ಣದೆ ಗೋಡೆಗೆ ಒರಗಿ ಕುಳಿತಳು.

ಅವಳ ಮೇಳದಲ್ಲಿ ತುಂತುಣಿ ನುಡಿಸುವವನು ಅಬ್ರಾರ. ಅವನನ್ನು ಕರೆದು, ಈ ಸಲ ನೀನು ಬರಬೇಡ ಎಂದಳು. ಹಾಡುವುದು ಆ ದೇಶದ ಕಡೆ, ಜನ ಏನಾದರೂ ಅಂದಾರು.

ಅಬ್ರಾರ ತಂತಿ ಬಿಗಿಮಾಡುತ್ತಲೇ ಹೇಳಿದ: "ಬಂದ್ರ ಯಾಕ ಬಂದ ಅಂತಾರ, ಬರದಿದ್ರ ಯಾಕ ಬರ್ಲಿಲ್ಲ ಅಂತಾರ. ಎರಡರಾಗ ನನಗ ಬರೂದು ಹಗರಾಗತೈತಿ ಯಕ್ಕಾ. ಮೌನೇಶನ ಹೆಣಕ್ಕ ಹೆಗಲು ಕೊಟ್ಟೀನಿ, ವರ್ಷಕ್ಕ ಬರ್ಲಿಲ್ಲ ಅಂದ್ರ ಹೆಂಗ?"

ವರ್ಷದ ದಿನ ಡೋಣಿಯಲ್ಲಿ ಬೆಳಗಿನಿಂದಲೇ ಜನ. ಹಾರ, ಭಾಷಣ, ಫೋಟೋ ಎಲ್ಲ ಮುಗಿದು ದೊಡ್ಡವರ ಕಾರುಗಳು ಹೋದ ಮೇಲೆ ಊರವರು ಉಂಡು ಬೇವಿನ ಮರದ ನೆರಳಿಗೆ ಬಂದು ಕುಳಿತರು. ಎದುರಿಗೇ ಮೌನೇಶನ ಮೂರ್ತಿ. ಮೀಸೆ ಸ್ವಲ್ಪ ದೊಡ್ಡದಾಗಿತ್ತು, ಮೌನೇಶನಿಗೆ ಅಷ್ಟು ಮೀಸೆ ಬಂದೇ ಇರಲಿಲ್ಲ. ಮೂರ್ತಿಯ ಕಟ್ಟೆಯ ಬದಿಗೆ ಹೊಸ ಕಟ್ಟಿಗೆಯ ಗೂಟ. ಫಕ್ಕೀರವ್ವ ಮೊದಲು ನೋಡಿದ್ದು ಅದನ್ನೇ.

ಊರ ಹಿರಿಯ ಸಂಗಪ್ಪ ಸಾವಕಾರರಿಗೆ ಬೆವರು. "ಮಾಳಪ್ಪಾ, ಇನ್ನೊಮ್ಮೆ ವಿಚಾರ ಮಾಡು. ಆ ದೇಶದ ಕಡೆ ಹಾಡಸ್ಯಾರ ಅಂತ ಯಾರರ ವಿಡಿಯೋ ಬಿಟ್ರ ಊರಿಗೇ ಕೆಟ್ಟ ಹೆಸರು."

"ಹೆಸರು ಕೆಟ್ರ ನನ್ನದ ಕೆಡ್ಲಿ ಸಾವಕಾರ್ರ," ಎಂದು ಮಾಳಿಂಗರಾಯ ದಪ್ಪು ಕಾಯಿಸಲು ಬೆಂಕಿಯ ಹತ್ತಿರ ಹೋದ.

ಫಕ್ಕೀರವ್ವ ಎದ್ದು ಸಭೆಗೆ ಕೈಮುಗಿದಳು. "ಇವತ್ತ ಬಾಯಿ ಆ ಕಡೆಯವರದು, ಜೀವ ನನ್ನದು. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ." ಹಿಂದಿನ ಸಾಲಿನಿಂದ ಒಬ್ಬ ಹುಡುಗ ಅಬ್ರಾರನತ್ತ ಕೈ ತೋರಿಸಿ, "ಆ ಕಡೆ ಹಾಡವ್ರು ಆ ಕಡೆನ ಹೋಗ್ರಿ!" ಎಂದು ಕೂಗಿದ. ಅಬ್ರಾರ ತಲೆ ತಗ್ಗಿಸಿದ. ಮಾಳಿಂಗರಾಯ ದಪ್ಪಿಗೆ ಒಂದೇ ಪೆಟ್ಟು ಹಾಕಿದ.

"ಲೇ, ನನ್ನ ಮಗನ ಹೆಣಾ ಹೊತ್ತಾಂವ ಅಂವ. ನೀ ಅವತ್ತ ಮೊಬೈಲ್ ಹಿಡದು ಶೂಟಿಂಗ್ ಮಾಡಾಕತ್ತಿದ್ದಿ. ಕುಂಡ್ರು."

ಹುಡುಗ ಕುಳಿತ. ಹಾಡಿಕೆ ಶುರುವಾಯಿತು. ಮಾಳಿಂಗರಾಯ ಎಡಗೈ ಕಿವಿಗೆ ಕೊಟ್ಟು ದನಿ ಎತ್ತಿದ.

"ಬೆಟ್ಟ ನೋಡಾಕ ಹ್ವಾದವರ ಮ್ಯಾಲ ಗುಂಡ ಹಾರಿಸಿದವರ್ಯಾರ,
ಕಟ್ಟಿದ ತಾಳಿ ಕಣ್ಣಮುಂದ ಹರದ ಕೇಕಿ ಹೊಡದವರ್ಯಾರ?"

ವರ್ಷ ಮುಚ್ಚಿಟ್ಟ ಗಂಟಲು, ಮೊದಲು ಸ್ವಲ್ಪ ಒಡೆಯಿತು. ಹಿಮ್ಮೇಳ ಎತ್ತಿಕೊಂಡಿತು. ಸಭೆ ಹೌದು ಹೌದು ಎಂದಿತು. ಫಕ್ಕೀರವ್ವ ದಪ್ಪು ತಿರುವಿದಳು.

"ಹಾರಿದ ಗುಂಡ ಕಂಡೀಯಣ್ಣಾ, ತುಂಬಿದ ಕೈ ಕಂಡೀಯೇನ,
ಊರಿಗೆ ಹತ್ತಿದ ಉರಿಯ ಹೇಳ್ತಿ, ಅದಕ್ಕೂ ಮೊದಲ ಏನ?"

ಮಾಳಿಂಗರಾಯ ನಕ್ಕ. ಅವಳು ಬಿಟ್ಟುಕೊಟ್ಟು ಹಾಡುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಹಿಂದಿನ ಲಡಾಯಿ ಹಾಡಿದ, ಬೆನ್ನಿಗೆ ಇರಿದದ್ದು ಹಾಡಿದ. ಅವಳು ಅದಕ್ಕೂ ಮೊದಲೇನು ಎಂದಳು. ನಮ್ಮ ನದಿಯ ನೀರು ಕಟ್ಟಿದ್ದು ಯಾರು ಎಂದು ಆ ಕಡೆಯವಳಾಗಿ ತಿರುಗಿ ಕೇಳಿದಳು. ಮನೆಗೆ ಕನ್ನ ಹಾಕುವವನಿಗೆ ಯಾರಾದರೂ ಗಿಂಡಿ ತುಂಬಿಸಿ ನೀರು ಕೊಡುತ್ತಾರೇನು ಎಂದು ಅವನು ಮಾತು ಕೆಳಗೆ ಬೀಳದಂತೆ ಉತ್ತರಿಸಿದ, ಸಭೆ ಚಪ್ಪಾಳೆ ಹೊಡೆಯಿತು. ಗೆರೆ ಕೊರೆದವನು ಪರದೇಶಿ, ಪಾಪ ಅವನದು ಎಂದ. ಕೊರೆಯುವಾಗ ಕಾಗದದ ಎರಡು ತುದಿ ಬಿಗಿಯಾಗಿ ಹಿಡಿದುಕೊಂಡವರು ಯಾರು ಎಂದಳು. ಆಗ ಚಪ್ಪಾಳೆ ಹೊಡೆದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಬ್ರಾರನಿಗೆ ಬೈದಿದ್ದ ಹುಡುಗ ಮೊಣಕಾಲ ಮೇಲೆ ಗದ್ದ ಊರಿ ಕೇಳುತ್ತಿದ್ದ.

ಹಾಡುತ್ತ ಹಾಡುತ್ತ ಫಕ್ಕೀರವ್ವನಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ಎದುರಿಗೆ ಇದ್ದವನು ಮಗ ಸತ್ತವನಲ್ಲ, ಹಳೆಯ ಮಾಳಿಂಗರಾಯ. ಕೊರಳ ನರ ಉಬ್ಬಿದೆ, ಕಣ್ಣಲ್ಲಿ ಕಿಡಿ ಇದೆ, ಇವಳ ಬಾಯಿಂದ ಮಾತು ಬೀಳುವ ಮುಂಚೆಯೇ ಎಡಗೈ ಹೆಬ್ಬೆರಳು ದಪ್ಪಿನ ಅಂಚಿಗೆ ಬಂದು ಕೂರುತ್ತಿದೆ. ಉತ್ತರ ಸಿದ್ಧವಿದ್ದಾಗ ಅವನ ಹೆಬ್ಬೆರಳು ಹಾಗೆ ಕೂರುತ್ತದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಈ ವಾದ ಮುಗಿಯದೇ ಇರಲಿ ಎಂದು ದೇವರಿಗೆ ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ ನಾಲಗೆ ಮಾತ್ರ ತನ್ನ ಕೆಲಸ ಮಾಡಿತು.

"ಅದಕ್ಕೂ ಮೊದಲ ಏನಣ್ಣಾ?"

ಮಾಳಿಂಗರಾಯ ನಿಂತ. ಹಿಮ್ಮೇಳ ಪಲ್ಲವಿ ಹಾಡಿ ಕಾಯಿತು, ಮತ್ತೆ ಹಾಡಿ ಮತ್ತೆ ಕಾಯಿತು. ಅವನು ಮೂರ್ತಿಯ ಕಡೆ ನೋಡಿದ. ಆಮೇಲೆ ಅವಳ ಕಡೆ ತಿರುಗಿ, ಉತ್ತರ ಬಿಟ್ಟು ಸವಾಲು ಹಾಕಿದ. ದನಿ ಸಣ್ಣದಾಗಿತ್ತು.

"ನಿನ್ನಯ ಮಗನು ನನ್ನಯ ಮಗನ ಮಾರಿ ಕಂಡಿರಲಿಲ್ಲ,
ಅನ್ನದ ಋಣವು, ಹೊಲದ ತಂಟೆ, ಒಂದೂ ಇರಲಿಲ್ಲ."

ಅಲ್ಲಿಗೆ ಹಾಡು ಕಡಿಯಿತು. ಉಳಿದದ್ದನ್ನು ಅವನು ಬರೀ ಮಾತಿನಲ್ಲಿ ಹೇಳಿದ. "ಆ ಕಡೆದ ತಾಯಿ ನೀನು. ಗುಂಡ ಹೊಡದಾಂವ ನಿನ್ನ ಮಗ. ನನ್ನ ಮೌನೇಶನ ಹೆಸರ ಸೈತ ಅವಗ ಗೊತ್ತಿದ್ದಿಲ್ಲ. ಯಾಕ ಹೊಡದ? ಹೇಳವ್ವಾ."

ಫಕ್ಕೀರವ್ವನ ಬಾಯಲ್ಲಿ ಜವಾಬು ಇರಲಿಲ್ಲವೆಂದಲ್ಲ. ಹುಕುಂ ಬಂತು ಹೊಡೆದ ಎನ್ನಬಹುದಿತ್ತು. ನಿನ್ನ ಮಗನೂ ಬಂದೂಕು ಹಿಡಿದೇ ನಿಂತಿದ್ದನಲ್ಲ ಎನ್ನಬಹುದಿತ್ತು. ಪ್ರಾಸವೂ ತಾನಾಗಿ ಬಂದು ನಾಲಗೆಯ ತುದಿಯಲ್ಲಿ ಕುಳಿತಿತ್ತು. ಆದರೆ ಅವಳು ಅವನ ಎಡಗೈ ನೋಡಿದಳು. ಹೆಬ್ಬೆರಳು ದಪ್ಪಿನ ಅಂಚಿನಲ್ಲಿರಲಿಲ್ಲ, ಕೈ ಜೋತುಬಿದ್ದಿತ್ತು. ಈ ಸೀಮೆಯ ಹಾಡುಗಾರರಲ್ಲೇ ಜಾಣನಾದವನು ಹುಚ್ಚಪ್ಪನ ತಪ್ಪು ಮಾಡಿದ್ದ.

ಒಂದು ನುಡಿ ಹಾಡಿ ಅವನನ್ನು ಮುಗಿಸಿಬಿಡಬಹುದಿತ್ತು. ಬೇಕೆಂದೇ ತಪ್ಪು ಜವಾಬು ಹೇಳಿ ಗೆಲ್ಲಿಸಲೂಬಹುದಿತ್ತು. ಫಕ್ಕೀರವ್ವ ಎರಡನ್ನೂ ಮಾಡಲಿಲ್ಲ. ಆ ಕಡೆಯ ತಾಯಿ ಎಂದನಲ್ಲ, ಕಣ್ಣು ಮುಚ್ಚಿ ಆ ತಾಯಿಯೇ ಆಗಿ ನಿಂತಳು. ಎಲ್ಲೋ ಒಂದು ಊರಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತ ಹೆಂಗಸನ್ನು ಯಾರೋ ಹೋಗಿ, ನಿನ್ನ ಮಗ ಯಾಕೆ ಹೊಡೆದ ಎಂದು ಕೇಳಿದರೆ ಆಕೆ ಏನು ಹೇಳಿಯಾಳು? ಅವಳು ಕಣ್ಣು ತೆರೆದು, ಬಾಗಿ ದಪ್ಪನ್ನು ನೆಲದ ಮೇಲಿಟ್ಟಳು.

"ನನಗ ಗೊತ್ತಿಲ್ಲಣ್ಣಾ."

ಜನ ಸಿಳ್ಳೆ ಹೊಡೆದರು. ಹರದೇಶಿ ಗೆದ್ದಿತು, ನಮ್ಮ ದೇಶ ಗೆದ್ದಿತು ಎಂದು ಯಾರೋ ಕುಣಿದರು. ಸಂಗಪ್ಪ ಸಾವಕಾರರಿಗೆ ಹೋದ ಜೀವ ಬಂದಂತಾಯಿತು, ಶಾಲು ಹಿಡಿದು ಎದ್ದರು. ಮಾಳಿಂಗರಾಯನ ಶಿಷ್ಯನೊಬ್ಬ ದಪ್ಪು ತೆಗೆದುಕೊಂಡು ಗೂಟಕ್ಕೆ ಹಾಕಲು ಕೈ ಚಾಚಿದ.

"ತಡೀರಿ."

ಹೆಂಗಸರ ನಡುವಿನಿಂದ ದ್ಯಾಮವ್ವ ಎದ್ದಿದ್ದಳು. ಗಂಡನ ಎಷ್ಟೋ ಹಾಡಿಕೆಗೆ ಬುತ್ತಿ ಕಟ್ಟಿದವಳು, ಸಭೆಯಲ್ಲಿ ಒಂದು ದಿನ ಬಾಯಿ ಬಿಟ್ಟವಳಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಸವಾಲ ಹಾಕಿದಾಂವ ಉತ್ತರ ಹೇಳಬೇಕಲ್ರಿ. ಕಾಯಿದೆ ಐತಿ. ಹೇಳ್ಲಿ. ನನಗೂ ಕೇಳಬೇಕಾಗೇತಿ."

ಸಭೆ ಮತ್ತೆ ಕುಳಿತಿತು. ಮಾಳಿಂಗರಾಯ ಶಿಷ್ಯನ ಕೈಯಿಂದ ದಪ್ಪು ತೆಗೆದುಕೊಂಡ. ಒಂದು ಪೆಟ್ಟು ಹಾಕಿದ. ಹಿಮ್ಮೇಳದವರು ಗೀಯ ಗೀಯ ಎಂದು ದನಿ ಕೊಟ್ಟು ಅವನ ಬಾಯಿ ನೋಡಿದರು. ಅವನು ಬಾಯಿ ತೆರೆದ. ವರ್ಷವಿಡೀ ಮನೆಗೆ ಬಂದವರು ಹೇಳಿದ ಕಾರಣಗಳೆಲ್ಲ ಅವನಿಗೆ ಬಾಯಿಪಾಠವಿದ್ದವು, ಯಾವುದನ್ನು ಎತ್ತಿಕೊಂಡಿದ್ದರೂ ನಡೆಯುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ.

"ನನಗೂ ಗೊತ್ತಿಲ್ಲ ದ್ಯಾಮವ್ವಾ," ಎಂದವನೇ ಮೂರ್ತಿಯ ಕಟ್ಟೆಗೆ ಒರಗಿ ಕುಸಿದು ಕುಳಿತು ಅತ್ತ. ಮಗು ಅತ್ತ ಹಾಗೆ, ನಾಚಿಕೆಯಿಲ್ಲದೆ, ದನಿ ತೆಗೆದು ಅತ್ತ. ಅಳಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ದ್ಯಾಮವ್ವ ಗಂಡಸರ ಸಾಲು ದಾಟಿ ಬಂದು ಅವನ ಪಕ್ಕ ಕುಳಿತಳು. ಫಕ್ಕೀರವ್ವನಿಗೂ ತಡೆಯಲಾಗಲಿಲ್ಲ, ಅಬ್ರಾರನ ಹೆಗಲಿಗೆ ಮುಖವಿಟ್ಟು ಬಿಕ್ಕಿದಳು. ಮೌನೇಶ ಸತ್ತು ವರ್ಷವಾಗಿತ್ತು, ಡೋಣಿಯಲ್ಲಿ ಅವನಿಗಾಗಿ ಎಲ್ಲರೂ ಅತ್ತದ್ದು ಅವತ್ತು.

ಹೊತ್ತು ಇಳಿದಾಗ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಸಂಗಪ್ಪ ಸಾವಕಾರರು ಶಾಲನ್ನು ಯಾರಿಗೆ ಹೊದಿಸುವುದೆಂದು ತಿಳಿಯದೆ ಮಡಚಿ ಬಗಲಲ್ಲಿಟ್ಟುಕೊಂಡರು.

"ಗೂಟಕ್ಕ ದಪ್ಪ ಹಾಕೂದು ಹೆಂಗ ಮಾಳಪ್ಪಾ?"

"ಬಾಕಿ ಉಳೀತಲ್ರಿ ಸಾವಕಾರ್ರ. ಹಾಕಾಕ ಬರಂಗಿಲ್ಲ." ಮಾಳಿಂಗರಾಯ ದಪ್ಪನ್ನು ಹೆಗಲಿಗೆ ಏರಿಸಿಕೊಂಡ.

ಬಸ್ಸಿನ ತನಕ ಅವನೇ ಫಕ್ಕೀರವ್ವನ ಜೊತೆ ನಡೆದು ಬಂದ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

"ಉತ್ತರ ಇಲ್ಲಂತ ಕೇಳೂ ಮುಂಚೆ ಗೊತ್ತಿತ್ತಲ್ಲ ನಿನಗ?" ಎಂದಳು ಅವಳು.

"ಗೊತ್ತಿತ್ತು. ವರ್ಷಾತು, ಬಾಯಿ ತುಂಬ ಅದೊಂದ ಸವಾಲ. ಯಾರ ಮುಂದ ಉಗುಳ್ಲಿ?"

ಬಸ್ಸು ಬಂತು. ಅಬ್ರಾರ ತುಂತುಣಿ ಎತ್ತಿಕೊಂಡು ಹತ್ತಿದ. ಫಕ್ಕೀರವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಿರುಗಿ ನೋಡಿದಳು.

"ಬರೂ ವರ್ಷ ಉತ್ತರ ತರ್ತೀಯೇನಣ್ಣಾ?"

"ಉತ್ತರ ಎಲ್ಲಿಂದ ತರ್ಲಿ ತಂಗಿ," ಎಂದ ಮಾಳಿಂಗರಾಯ. "ಕೇಳಾಕ ಬರ್ತೀನಿ. ನೀ ಎದುರಿಗೆ ನಿಂದರು."